ಉರಿಗಾಲಿನ ಹಾರ್ನ್ ಮೇಡಂ

ಡ್ರೈವಿಂಗ್ ಸ್ಕೂಲಿನ ಬೋರ್ಡಿನ ಮೇಲೆ ಅವರ ಹೆಸರೇನೋ ಇತ್ತು. ಆದರೆ ಅದನ್ನು ಓದಿ ಕರೆದವರು ಯಾರೂ ಇಲ್ಲ. ಊರಿಗೆಲ್ಲ ಅವರು ಹಾರ್ನ್ ಮೇಡಂ. ಸ್ಕೂಲಿನ ಕಾರಿನ ಹಾರ್ನ್ ಯಾವ ಕಾಲಕ್ಕೆ ಕೆಟ್ಟಿತ್ತೋ ಯಾರಿಗೂ ನೆನಪಿರಲಿಲ್ಲ, ಅದನ್ನು ರಿಪೇರಿ ಮಾಡಿಸುವ ಪ್ರಮೇಯವೂ ಬಂದಿರಲಿಲ್ಲ. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ಕಿಟಕಿಯ ಗಾಜಿಳಿಸಿ ಮೇಡಂ "ಏಯ್ ಸೈಕಲ್ಲು!" ಅಂದರೆ ಸೈಕಲ್ಲಿನವನಷ್ಟೇ ಅಲ್ಲ, ಅವನ ಹಿಂದಿನ ಬಸ್ಸೂ ಪಕ್ಕಕ್ಕೆ ಸರಿಯುತ್ತಿತ್ತು.

ಮೇಡಂ ಕಾಲ ಬಳಿ ಇನ್ನೊಂದು ಬ್ರೇಕ್ ಇತ್ತು. ಕಲಿಯುವವರು ಗೋಡೆಯ ಕಡೆಗೋ, ಹಾಲಿನ ವ್ಯಾನಿನ ಕಡೆಗೋ ಹೊರಟುಬಿಟ್ಟಾಗ ಒತ್ತುವುದಕ್ಕೆಂದು ಹಾಕಿಸಿದ್ದು. ಮೇಡಂ ಆ ಬ್ರೇಕ್ ಒತ್ತಿದ ಮೇಲೆ ಬೈಯುತ್ತಿರಲಿಲ್ಲ. ಬೈದು ಮುಗಿಸಿ ಒತ್ತುತ್ತಿದ್ದರು. ಅಷ್ಟು ಚುರುಕು ಅವರ ಕಾಲು.

ಸಕ್ಕರೆ ಕಾಯಿಲೆ ಬಂದು ಬಹಳ ಕಾಲವಾಗಿತ್ತು. ಅದನ್ನು ಅವರು ಕರೆಯದೆ ಬಂದ ದೂರದ ನೆಂಟನ ಹಾಗೆ ನಡೆಸಿಕೊಂಡಿದ್ದರು. ಇದ್ದರೆ ಇರಲಿ, ಆದರೆ ಮಾತಾಡಿಸಬಾರದು. ಮಾತಾಡಿಸದಿದ್ದರೆ ತಾನೇ ಬೇಜಾರಾಗಿ ಹೋಗುತ್ತದೆ ಎಂಬುದು ಅವರ ಲೆಕ್ಕ. ನೆಂಟ ಹೋಗಲಿಲ್ಲ. ಒಂದು ದಿನ ಪಾದದಡಿ ಹಾಸಿಗೆ ಬಿಚ್ಚಿದ.

ಮೊದಮೊದಲು ಜೋಮು ಹಿಡಿದ ಹಾಗೆ, ಇರುವೆ ಹರಿದ ಹಾಗೆ. ಆಮೇಲೆ ಉರಿ. ಅಂಗಾಲಿಗೆ ಮೆಣಸಿನಪುಡಿ ಸವರಿ ಬಿಸಿ ಮರಳಿನ ಮೇಲೆ ನಿಲ್ಲಿಸಿದಂಥ ಉರಿ. ಹಗಲು ಹೇಗೋ ಬೈಗುಳದಲ್ಲಿ ಕಳೆದುಹೋಗುತ್ತಿತ್ತು. ಹಾಸಿಗೆಗೆ ಬಂದರೆ ತೆಳ್ಳನೆಯ ಹೊದಿಕೆ ಪಾದಕ್ಕೆ ತಗುಲಿದರೂ ಜೀವ ಹೋಗುವಂತಾಗುತ್ತಿತ್ತು. ಆಫೀಸಿನ ಮೇಜಿನ ಕೆಳಗೆ ತಣ್ಣೀರಿನ ಟಬ್ಬು ಬಂತು. ಮೇಡಂ ಮೇಲೆ ಕೂತು ರಸ್ತೆ ನಿಯಮ ಹೇಳುತ್ತಿದ್ದರೆ ಕೆಳಗೆ ಚಳಪಳ ಸದ್ದು.

ಊರಿನವರಿಗೆ ಸಲಹೆ ಕೊಡುವ ಕಾಯಿಲೆ ಮೊದಲಿನಿಂದಲೇ ಇತ್ತು, ಈಗ ಉಲ್ಬಣಿಸಿತು. ಒಬ್ಬರು ಎಣ್ಣೆ ಎಂದರು, ಒಬ್ಬರು ಬೇರು ಎಂದರು. ಅವರ ನಾದಿನಿ, ಗಂಡನ ತಂಗಿ, ಪಕ್ಕದ ಬೀದಿಯಲ್ಲೇ ಇದ್ದವಳು, ದಿನಾ ಒಂದು ಲೋಟ ಹಸಿರು ರಸ ತಂದು ನಿಲ್ಲುತ್ತಿದ್ದಳು.

"ಕುಡೀರಿ ಅತ್ತಿಗೆ. ಎಷ್ಟು ಕಹಿಯೋ ಅಷ್ಟು ಒಳ್ಳೇದು."

"ಹಾಗಾದ್ರೆ ನಿಮ್ಮಣ್ಣನ್ನ ಕಟ್ಕೊಂಡಿದ್ದಕ್ಕೆ ನಾನು ಈಗಾಗ್ಲೇ ನೂರು ವರ್ಷ ಬಾಳ್ಬೇಕಿತ್ತು," ಎಂದು ಮೇಡಂ ರಸವನ್ನು ಕುಂಡಕ್ಕೆ ಸುರಿದರು. ಕುಂಡದ ಗಿಡ ವಾರದಲ್ಲಿ ಒಣಗಿತು.

ಅಣ್ಣ ಎಂದರೆ ಮೇಡಂ ಯಜಮಾನರು. ಯಜಮಾನರು ಎನ್ನುವುದು ಮಾತಿಗೆ. ಜೀವಮಾನವೆಲ್ಲ ಗ್ರಂಥಾಲಯದಲ್ಲಿ ಕೆಲಸ ಮಾಡಿ ನಿವೃತ್ತರಾದ ಮನುಷ್ಯ. ಹೊರಗೆ "ಶ್" ಎನ್ನುತ್ತ, ಮನೆಯಲ್ಲಿ ಅದನ್ನೂ ಅನ್ನದೆ ಬಾಳಿದವರು. ಅವರೇ ಒಂದು ದಿನ ಧೈರ್ಯ ಮಾಡಿ, "ಡಾಕ್ಟರ ಹತ್ರ ಹೋಗೋಣ ಕಣೇ," ಅಂದರು. ಮೇಡಂ ಒಪ್ಪಿದರು. ಒಪ್ಪಿದ್ದರಿಂದಲೇ ನೋವು ಎಷ್ಟಿದೆ ಎಂದು ಯಜಮಾನರಿಗೆ ಗೊತ್ತಾಯಿತು.

ಆದರೆ ಹೋದದ್ದು ಪಾಠದ ನಡುವೆ, ಯಜಮಾನರನ್ನು ಬಿಟ್ಟು, ಕಾರನ್ನು ಹೊರಗೆ ನಿಲ್ಲಿಸಿ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ದೊಡ್ಡ ತಾಳ್ಮೆಯವರು. "ಬೂಟು, ಸಾಕ್ಸು ಬಿಚ್ಚಿ ಅಮ್ಮ, ಪಾದ ನೋಡ್ಬೇಕು," ಎಂದರು.

"ನೋಡೋಕೇನಿದೆ? ಉರೀತಿದೆ ಅಂತ ನಾನೇ ಹೇಳ್ತಿದೀನಲ್ಲ. ಹೊರಗೆ ಕಾರಲ್ಲಿ ಒಬ್ರು ಕೂತಿದಾರೆ. ಅವ್ರಿಗೆ ಹ್ಯಾಂಡ್‌ಬ್ರೇಕ್ ಯಾವ್ದು, ಗೇರ್ ಯಾವ್ದು ಅಂತ ಇನ್ನೂ ಗೊತ್ತಿಲ್ಲ. ಬೇಗ ಬರ್ಕೊಡಿ."

"ಮುಂದಿನ ಸಲ ತಪ್ಪಿಸೋ ಹಾಗಿಲ್ಲ," ಎಂದು ಡಾಕ್ಟರಮ್ಮ ರಕ್ತದ ವರದಿ ನೋಡಿ ನಿಟ್ಟುಸಿರು ಬಿಟ್ಟರು. "ಇದು ನರದ ನೋವು. ಸಕ್ಕರೆ ಏರಿ ಏರಿ ನರಗಳು ಕೆಟ್ಟಿವೆ. ಮೊದಲು ಸಕ್ಕರೆ ಹತೋಟಿಗೆ ಬರ್ಬೇಕು, ಅದಕ್ಕೆ ಮಾತ್ರೆ ಬದಲಾಯಿಸ್ತೀನಿ. ಉರಿಗೆ ಬೇರೆ ಒಂದು ಮಾತ್ರೆ, ರಾತ್ರಿ ಊಟ ಆದ್ಮೇಲೆ. ಒಂದೇ. ಇದು ತಲೆನೋವಿನ ಮಾತ್ರೆ ಥರ ತಕ್ಷಣ ಕೇಳೋದಲ್ಲ, ಕೆಲವು ವಾರ ಬೇಕು. ನಾನು ನೋಡ್ಕೊಂಡು ನಿಧಾನಕ್ಕೆ ಜಾಸ್ತಿ ಮಾಡ್ತೀನಿ. ನಿದ್ದೆ ಬರುತ್ತೆ, ಬಾಯಿ ಒಣಗುತ್ತೆ. ಗಾಡಿ ಓಡಿಸ್ಬಾರ್ದು."

"ನಾನು ಗಾಡಿ ಓಡಿಸಲ್ಲ," ಎಂದರು ಮೇಡಂ. ಸುಳ್ಳಲ್ಲ. ಓಡಿಸುವವರು ಯಾವಾಗಲೂ ಬೇರೆಯವರೇ.

ಮಾತ್ರೆ ತರಲು ಯಜಮಾನರು ಔಷಧಿ ಅಂಗಡಿಗೆ ಹೋದರು. ಜೊತೆಗೆ ತಂಗಿಯೂ ಹೋದಳು. ಅಂಗಡಿ ತುಂಬ ಜನ. ಅಂಗಡಿಯವನು ಚೀಟಿ ನೋಡಿ, ಒಳಗಿದ್ದವನಿಗೆ ಕೇಳಲೆಂದು ದೊಡ್ಡ ದನಿಯಲ್ಲಿ, "ಆ ಮೇಲ್ಗಡೆ ಖಿನ್ನತೆ ಸಾಲಲ್ಲಿ ಇದೆ ನೋಡೋ," ಎಂದ. ಅಣ್ಣ ತಂಗಿ ಮುಖ ಮುಖ ನೋಡಿಕೊಂಡರು.

"ಅಣ್ಣಾ, ಅತ್ತಿಗೆಗೆ ಖಿನ್ನತೆಯಾ?"

"ಇರ್ಲಾರದು..."

"ಇರ್ಲಾರದು ಅಂದ್ರೇನು? ಎಷ್ಟು ವರ್ಷದಿಂದ ಒಳಗೊಳಗೇ ನುಂಗ್ತಿದ್ರೋ ಪಾಪ!"

ಹಾರ್ನ್ ಮೇಡಂ ಒಳಗೊಳಗೇ ನುಂಗುವವರು ಎಂಬುದನ್ನು ಊರಿನಲ್ಲಿ ಬೇರೆ ಯಾರಿಗೆ ಹೇಳಿದ್ದರೂ ನಗುತ್ತಿದ್ದರು. ಆದರೆ ಪ್ರೀತಿಗೆ ಅಷ್ಟೆಲ್ಲ ಯೋಚನೆ ಇರುವುದಿಲ್ಲ. ಯಜಮಾನರು ಅಂದಿನಿಂದ ಬೆಳಿಗ್ಗೆ ತಾವೇ ಚಹಾ ಮಾಡತೊಡಗಿದರು. ಟೀವಿಯ ರಿಮೋಟನ್ನು ಎರಡೂ ಕೈಯಲ್ಲಿ ಹಿಡಿದು ಒಪ್ಪಿಸಿದರು. ನಾದಿನಿ ರಸ ತರುವುದು ಬಿಟ್ಟು ಗುಲಾಬಿ ತಂದಳು, ಮೇಡಂ ಪಕ್ಕ ಕೂತು ಕೈ ಹಿಡಿದಳು.

"ಒಳಗೆ ಇಟ್ಕೋಬೇಡಿ ಅತ್ತಿಗೆ. ಮನಸ್ಸಲ್ಲಿರೋದು ಹೊರಗೆ ಹಾಕಿ."

"ನಾನು ಯಾವತ್ತೇ ಒಳಗೆ ಇಟ್ಕೊಂಡಿದೀನಿ?" ಮೇಡಂಗೆ ನಿಜವಾಗಿಯೂ ಆಶ್ಚರ್ಯ. "ಏನಾಗಿದೆ ನಿಮ್ಗೆಲ್ಲ?"

ವಿಷಯ ಹೊರಬಿತ್ತು. ಮೇಡಂ ಹೊಟ್ಟೆ ಹಿಡಿದುಕೊಂಡು ನಕ್ಕರು. "ನನಗೆ ಖಿನ್ನತೆಯಂತೆ! ಬಂದ್ರೆ ನನ್ನ ಜೊತೆ ಇರೋರಿಗೆ ಬರ್ಬೇಕು. ಕಾಲುರಿಗೆ ಕೊಟ್ಟಿದಾರೆ ಕಣೇ ಅದು."

ಇಬ್ಬರೂ ನಂಬಲಿಲ್ಲ. ಖಿನ್ನತೆಯವರು ಹೀಗೇ ಮುಚ್ಚಿಡುತ್ತಾರೆ ಎಂದು ನಾದಿನಿ ಅಡುಗೆಮನೆಯಲ್ಲಿ ಪಿಸುಗುಟ್ಟಿದಳು. ಮೇಡಂ ಒಂದೆರಡು ಸಲ ತಿದ್ದಲು ನೋಡಿ, ಬಿಸಿ ಬಿಸಿ ಚಹಾ ಕೈಗೆ ಬಂದದ್ದು ಕಂಡು ಸುಮ್ಮನಾದರು. ಸತ್ಯಕ್ಕೆ ಅಂಥ ಅವಸರವೇನಿದೆ?

ಅವಸರ ಇದ್ದದ್ದು ಪಾದಕ್ಕೆ. ಮಾತ್ರೆ ಶುರುಮಾಡಿ ಕೆಲವು ದಿನವಾದರೂ ಉರಿ ಹಾಗೇ ಇತ್ತು. "ವಾರಗಟ್ಟಲೆ ಕಾಯೋಕೆ ನಾನೇನು ಕೆಂಪು ದೀಪದ ಮುಂದೆ ನಿಂತ ಲಾರಿನಾ?" ಎಂದುಕೊಂಡು ಮೇಡಂ ಒಂದರ ಬದಲು ಎರಡು ನುಂಗಿದರು. ಮಾರನೆಯ ದಿನವೂ ಎರಡು, ಅದರ ಮೇಲೆ ಬೆಳಿಗ್ಗೆ ಇನ್ನೊಂದು. ಯಾರನ್ನೂ ಕೇಳಲಿಲ್ಲ. ಕೇಳುವ ಅಭ್ಯಾಸ ಅವರಿಗೆ ಇರಲೇ ಇಲ್ಲ.

ಆ ಬೆಳಿಗ್ಗೆ ಪಾಠ ಹಲ್ಲು ಡಾಕ್ಟರದ್ದು. ಡಾಕ್ಟರಮ್ಮನ ಬಾಗಿಲಲ್ಲಿ ಅಂದು ಕಾರಿನೊಳಗೆ ಕೂತಿದ್ದವರು ಇವರೇ. ಬೇರೆಯವರ ಬಾಯಿಗೆ ಕೈ ಹಾಕಿ ದವಡೆ ಹಲ್ಲು ಕೀಳುವಾಗ ಕಣ್ಣು ಮಿಟುಕಿಸದ ಮನುಷ್ಯ, ಸ್ಟೇರಿಂಗ್ ಹಿಡಿದರೆ ಎಲೆಯಂತೆ ನಡುಗುತ್ತಿದ್ದರು. ಲೈಸೆನ್ಸ್ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಫೇಲಾಗಿ ಪರೀಕ್ಷಕರಿಗೆ ಮನೆಯವರಂತಾಗಿದ್ದರು. ಮೇಡಂ ಬೈದಷ್ಟೂ ಅವರ ಕಾಲು ತಪ್ಪುತ್ತಿತ್ತು, ಕಾಲು ತಪ್ಪಿದಷ್ಟೂ ಮೇಡಂ ಬೈಯುತ್ತಿದ್ದರು.

"ಕ್ಲಚ್ಚು! ಅದು ಪೆಡಲ್ಲು ಕಣ್ರೀ, ಹಲ್ಲಲ್ಲ, ಕೀಳ್ಬೇಡಿ!" ಎಂದು ಮೇಡಂ ಎಂದಿನಂತೆ ಶುರು ಮಾಡಿದರು. ಬಾಯಿ ಒಣಗಿ ಹಪ್ಪಳವಾಗಿತ್ತು. ಮಾತು ತೊದಲುತ್ತಿತ್ತು. ತಿರುವು ದಾಟಿದರು, ಸೇತುವೆ ದಾಟಿದರು. ಬೈಗುಳ ನಿಂತಿತು.

ಹಲ್ಲು ಡಾಕ್ಟರು ಮೊದಲು ಹೆದರಿದರು. ಮೇಡಂ ಸುಮ್ಮನಿದ್ದಾರೆಂದರೆ ತಾನು ಬೈಗುಳಕ್ಕೂ ಮೀರಿದ ತಪ್ಪೇನೋ ಮಾಡಿರಬೇಕು. ಓರೆಗಣ್ಣಿನಲ್ಲಿ ನೋಡಿದರೆ ಮೇಡಂ ತಲೆ ಕಿಟಕಿಗೆ ಒರಗಿದೆ, ಬಾಯಿ ತೆರೆದಿದೆ. ಮೇಲ್ಸಾಲಿನ ಒಂದು ಹಲ್ಲು ಹುಳುಕಾಗಿದ್ದದ್ದೂ ಅವರಿಗೆ ಕಂಡಿತು. ಸಣ್ಣ ಗೊರಕೆ ಬರುತ್ತಿತ್ತು.

ನಿಲ್ಲಿಸೋಣ ಎಂದುಕೊಂಡರು. ನಿಲ್ಲಿಸಿದರೆ ಎಚ್ಚರವಾದಾರು. ಎಚ್ಚರವಾದರೆ ಬೈದಾರು. ಆ ಹೆದರಿಕೆಗೆ ಹಲ್ಲು ಡಾಕ್ಟರು ಗೇರನ್ನು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಬದಲಿಸಿದರು. ಗುಂಡಿ ಬಂದರೆ ಮಗು ಮಲಗಿದ ತೊಟ್ಟಿಲನ್ನು ದಾಟಿಸಿದಂತೆ ದಾಟಿಸಿದರು. ಮಾರುಕಟ್ಟೆಯ ಇಕ್ಕಟ್ಟು, ಗೋದಾಮುಗಳ ಸಾಲು, ಶಾಲೆ ಶುರುವಾಗುವ ಹೊತ್ತಿನ ಗಲಾಟೆ ಎಲ್ಲ ಮುಗಿಸಿ, ಸ್ಕೂಲಿನ ಮುಂದೆ ಎರಡು ವ್ಯಾನುಗಳ ನಡುವೆ ಹಿಮ್ಮುಖವಾಗಿ ಕಾರನ್ನು ಸೇರಿಸಿ, ಎಂಜಿನ್ ಆರಿಸಿ ಉಸಿರುಬಿಟ್ಟರು. ಆಗ ಮೇಡಂಗೆ ಎಚ್ಚರವಾಯಿತು.

"ಯಾಕ್ರೀ ನಿಲ್ಸಿದ್ರಿ? ಹೊರಡಿ!"

"ಹೋಗಿ ಬಂದ್ವಿ ಮೇಡಂ."

ಮೇಡಂ ಹೊರಗೆ ನೋಡಿದರು. ಕಾರು ನಿಂತಿದ್ದ ರೀತಿ ನೋಡಿದರು. ಗಲ್ಲ ಒರೆಸಿಕೊಂಡರು. ತಮ್ಮ ಇಷ್ಟು ವರ್ಷದ ಬೋಧನೆಯ ಸಾರ ತಮ್ಮ ನಿದ್ದೆಯಲ್ಲಿತ್ತು ಎಂಬುದು ಯಾರಿಗಾದರೂ ಅರಗುವ ಮಾತಲ್ಲ.

"ಎಬ್ಬಿಸ್ಬೇಕು ತಾನೆ? ಏನಾದ್ರೂ ಆಗಿದ್ರೆ? ಬುದ್ಧಿ ಇದ್ಯಾ ನಿಮ್ಗೆ?"

"ನೀವು ಯಾವ ಮಾತ್ರೆ ತಗೋತಿದೀರಿ ಮೇಡಂ?" ಎಂದರು ಹಲ್ಲು ಡಾಕ್ಟರು. ಮೇಡಂ ಹೇಳಿದರು. ಎಷ್ಟು ಎಂದು ಕೇಳಿದರು. ಅದನ್ನೂ ಹೇಳಿದರು. ಸ್ಟೇರಿಂಗ್ ಮುಂದೆ ನಡುಗುತ್ತಿದ್ದ ಆ ಮನುಷ್ಯ ಎಲ್ಲಿ ಹೋದರೋ, ಕ್ಲಿನಿಕ್ಕಿನ ಮನುಷ್ಯ ಎದ್ದು ಕೂತರು.

"ಆ ಮಾತ್ರೆ ಗೊತ್ತು ನಂಗೆ. ಮುಖದ ನರದ ನೋವಿಗೆ ನಾನೂ ಕೆಲವ್ರಿಗೆ ಅದೇ ಬರೀತೀನಿ. ಸಣ್ಣದಾಗಿ ಶುರು ಮಾಡ್ಬೇಕು ಅಂತ ಅದನ್ನ ಮಾಡಿದವ್ರು, ಬರೆದವ್ರು ಎಲ್ಲ ಹೇಳ್ತಾರೆ. ನೀವೇ ಮೂರು ನುಂಗಿ ಬಂದು ಬ್ರೇಕ್ ಮೇಲೆ ಕಾಲಿಟ್ಕೊಂಡು ಕೂತಿದೀರಿ!"

"ಅಲ್ರೀ, ಉರಿ ಅಂದ್ರೆ ನಿಮ್ಗೇನು ಗೊ..."

"ಬಾಯಿ ಮುಚ್ಚಿ!"

ಹೇಳಿದ ಮೇಲೆ ಹಲ್ಲು ಡಾಕ್ಟರೇ ಬೆಚ್ಚಿದರು. ಅವರ ವೃತ್ತಿಯಲ್ಲಿ ಎಲ್ಲರಿಗೂ ಬಾಯಿ ತೆರೆಯಿರಿ ಎಂದೇ ಹೇಳಿ ರೂಢಿ. ಇನ್ನೂ ಬೆಚ್ಚಿಸಿದ್ದೆಂದರೆ, ಮೇಡಂ ಮುಚ್ಚಿದರು.

ಅಂದೇ ಮಧ್ಯಾಹ್ನ ಗಂಡ ಹೆಂಡತಿ ಡಾಕ್ಟರಮ್ಮನ ಎದುರು ಕೂತಿದ್ದರು. ಮೇಡಂ ಎಲ್ಲ ಒಪ್ಪಿಕೊಂಡರು. ಎರಡನೆಯ ಬ್ರೇಕಿನ ವಿಷಯವನ್ನೂ ಹೇಳಿದರು. ಡಾಕ್ಟರಮ್ಮ ಗದರಲಿಲ್ಲ. ಗದರಿದ್ದರೆ ಮೇಡಂಗೆ ಸುಲಭವಾಗುತ್ತಿತ್ತು, ತಿರುಗಿ ಒಂದು ಮಾತಾದರೂ ಕೊಡಬಹುದಿತ್ತು.

"ಹಾಗಾದ್ರೆ ಡಾಕ್ಟ್ರೇ, ಇವಳಿಗೆ ಖಿನ್ನತೆ ಇಲ್ವಾ?" ಯಜಮಾನರು ಮೆಲ್ಲಗೆ ಕೇಳಿದರು.

"ಇಲ್ಲ ಸರ್. ಅದೇ ಮಾತ್ರೆ ಕಡಿಮೆ ಪ್ರಮಾಣದಲ್ಲಿ ನರದ ನೋವಿಗೂ ಕೆಲ್ಸ ಮಾಡುತ್ತೆ. ಒಂದೇ ಬೀಗದಕೈಯಲ್ಲಿ ಎರಡು ಬಾಗಿಲು ತೆಗೀತೀವಿ, ಅಷ್ಟೆ." ಆಮೇಲೆ ಮೇಡಂ ಕಡೆ ತಿರುಗಿದರು. "ಈಗ ಬೂಟು ಬಿಚ್ಚಿ."

ಈ ಸಲ ಮೇಡಂ ಬಿಚ್ಚಿದರು. ಮಂಚದ ಮೇಲೆ ಕಾಲು ಚಾಚಿ, ಡಾಕ್ಟರಮ್ಮ ಹೇಳಿದಂತೆ ಕಣ್ಣು ಮುಚ್ಚಿದರು. ಡಾಕ್ಟರಮ್ಮನ ಕೈಯಲ್ಲಿ ಒಂದು ಸಣ್ಣ ಕಡ್ಡಿ, ಅದರ ತುದಿಗೆ ಮೀನಿನ ಗಾಳದ ದಾರದಂಥ ನೈಲಾನ್ ಎಳೆ.

"ಇದು ತಾಗಿದಾಗ 'ಹೂಂ' ಅನ್ನಿ. ಅಷ್ಟೇ."

ಯಜಮಾನರು ಪಕ್ಕದಲ್ಲಿ ನಿಂತು ನೋಡುತ್ತಿದ್ದರು. ಎಳೆ ಹೆಬ್ಬೆರಳಿಗೆ ತಾಗಿ ಬಾಗಿತು. ಮೇಡಂ ಸುಮ್ಮನಿದ್ದರು. ಬೆರಳ ಬುಡಕ್ಕೆ ತಾಗಿತು. ಸುಮ್ಮನಿದ್ದರು. ಅಂಗಾಲಿನ ದಪ್ಪಭಾಗಕ್ಕೆ, ಅಂಚಿಗೆ, ಇನ್ನೊಂದು ಪಾದದ ಹೆಬ್ಬೆರಳಿಗೆ. ಯಜಮಾನರು ತುಟಿ ಕಚ್ಚಿಕೊಂಡರು. ಕಣ್ಣು ಮುಚ್ಚಿಕೊಂಡ ಹೆಂಡತಿಗೆ ಗೊತ್ತಿಲ್ಲದ್ದನ್ನು ಅವರು ನೋಡುತ್ತಿದ್ದರು.

"ಶುರು ಮಾಡಿ ಡಾಕ್ಟ್ರೇ, ಎಷ್ಟೊತ್ತು ಕಾಯೋದು?" ಎಂದರು ಮೇಡಂ.

"ಮುಗೀತು ಅಮ್ಮ."

ಮೇಡಂ ಕಣ್ಣು ಬಿಟ್ಟರು. ಡಾಕ್ಟರಮ್ಮನನ್ನು ನೋಡಿದರು, ಗಂಡನನ್ನು ನೋಡಿದರು. ಗಂಡನ ಮುಖದಲ್ಲಿ ಉತ್ತರ ಇತ್ತು.

"ಉರೀತಿದೆಯಲ್ಲ ಮತ್ತೆ? ಬೆಂಕಿ ಥರ ಉರೀತಿದೆ. ಉರಿ ಗೊತ್ತಾಗೋ ಕಾಲಿಗೆ ಇದು ಹೇಗೆ ಗೊತ್ತಾಗ್ಲಿಲ್ಲ?"

"ಕೆಟ್ಟ ನರಗಳು ಸುಮ್ನೆ ಕೂಗ್ತವೆ, ಅದು ಉರಿ. ಹೊರಗಡೆ ಏನು ತಾಗ್ತಿದೆ ಅಂತ ಹೇಳ್ಬೇಕಾದವು ಮಾತು ನಿಲ್ಸಿವೆ. ಮಾತ್ರೆ ಆ ಕೂಗನ್ನ ಕಡಿಮೆ ಮಾಡುತ್ತೆ. ಹೋದ ಸ್ಪರ್ಶ ತಂದ್ಕೊಡಲ್ಲ. ಸುಳ್ಳು ಹೇಳಲ್ಲ ನಿಮ್ಗೆ." ಡಾಕ್ಟರಮ್ಮ ಸ್ವಲ್ಪ ತಡೆದು ಹೇಳಿದರು. "ಆ ಬ್ರೇಕ್ ಒತ್ತಿದ್ದೀರೋ ಇಲ್ವೋ ಅನ್ನೋದು ಕಾಲಿಗೆ ಗೊತ್ತಾಗಲ್ಲ ಅಮ್ಮ. ಮಾತ್ರೆಯಿಂದ ನಿದ್ದೆ ಬರ್ಲಿ, ಬರ್ದೆ ಇರ್ಲಿ, ಆ ಸೀಟಲ್ಲಿ ನೀವು ಕೂರೋ ಹಾಗಿಲ್ಲ."

ಅಂಗೈ ಹುಣ್ಣಿಗೆ ಕನ್ನಡಿ ಬೇಡದಿದ್ದರೂ ಅಂಗಾಲ ಹುಣ್ಣಿಗೆ ಬೇಕೇ ಬೇಕು, ದಿನಾ ಪಾದದಡಿ ನೋಡಿಕೊಳ್ಳಿ, ಬರಿಗಾಲಲ್ಲಿ ನಡೆಯಬೇಡಿ, ತಣ್ಣೀರಿನ ಟಬ್ಬನ್ನು ಎಸೆಯಿರಿ ಎಂದೆಲ್ಲ ಹೇಳಿ, ಮಾತ್ರೆಯನ್ನು ಮತ್ತೆ ಒಂದಕ್ಕೇ ಇಳಿಸಿ, ಮಲಗುವುದಕ್ಕೆ ಬಹಳ ಮುಂಚೆಯೇ ತೆಗೆದುಕೊಳ್ಳಲು ಹೇಳಿ ಕಳಿಸಿದರು.

ಆ ಸಂಜೆ ಹಾರ್ನ್ ಮೇಡಂ ಯಾರನ್ನೂ ಬೈಯಲಿಲ್ಲ. ಚಹಾದಲ್ಲಿ ಉಪ್ಪು ಬಿದ್ದಿತ್ತು, ಕುಡಿದರು. ನಾದಿನಿ ಬಂದು ಏನೇನೋ ಹೇಳಿದಳು, ತಲೆಯಾಡಿಸಿದರು. ಮಾರನೆಯ ದಿನವೂ ಹಾಗೇ. ಖಿನ್ನತೆ ಇಲ್ಲದಾಗ ಗುಲಾಬಿ ತಂದ ನಾದಿನಿಗೆ ಈಗ ಏನು ತರಬೇಕೆಂದು ತೋಚಲಿಲ್ಲ. ಯಜಮಾನರಿಗೆ ಇದೇ ಮೊದಲ ಸಲ ನಿಜವಾದ ಭಯವಾಯಿತು. ಮನೆಯಲ್ಲಿ ಗ್ರಂಥಾಲಯದ ನಿಶ್ಶಬ್ದ ಬಂದು ಕೂತಿತ್ತು. ಜೀವಮಾನವೆಲ್ಲ ನಿಶ್ಶಬ್ದವನ್ನು ಕಾಪಾಡಿದವರಿಗೆ ಅದು ಇಷ್ಟು ಕೆಟ್ಟದ್ದೆಂದು ಗೊತ್ತಿರಲಿಲ್ಲ.

"ಸ್ಕೂಲು ಮುಚ್ತೀನಿ ರೀ," ಎಂದರು ಮೇಡಂ, ಗೋಡೆ ನೋಡುತ್ತ.

"ನಾನು ಕೂರ್ತೀನಿ," ಎಂದರು ಯಜಮಾನರು.

"ಎಲ್ಲಿ?"

"ನಿನ್ನ ಸೀಟಲ್ಲಿ."

ಮೇಡಂ ತಿರುಗಿದರು. ಮೇಲಿಂದ ಕೆಳಗೆ ಗಂಡನನ್ನು ಅಳೆದರು. "ನೀವು? ರಸ್ತೆ ದಾಟೋವಾಗ ನಾಯಿಗೆ ದಾರಿ ಬಿಡೋ ಮನುಷ್ಯ ನೀವು! ಇರುವೆ ಬಂದ್ರೆ ಬ್ರೇಕ್ ಒತ್ತೀರಿ!"

"ಒತ್ತೋದಕ್ಕೇ ತಾನೆ ಅದಿರೋದು?"

ಮೇಡಂ ಬಾಯಿ ತೆರೆದರು. ಬೈಗುಳ ಬಂತು. ಉದ್ದನೆಯದು, ಗಂಡನ ಚಾಲನೆ, ಅವರ ವಂಶ, ಅವರು ಒಮ್ಮೆ ಗೇಟಿಗೆ ಗುದ್ದಿದ್ದು ಎಲ್ಲವನ್ನೂ ಒಳಗೊಂಡದ್ದು. ಯಜಮಾನರು ಕಣ್ಣು ಮುಚ್ಚಿ ಕೇಳಿದರು, ಬಿಸಿಲು ಕಾಯಿಸಿಕೊಳ್ಳುವವರ ಹಾಗೆ.

ಕಲಿಸಲು ಬೇಕಾದ ಪರವಾನಗಿ ಪಡೆಯಲು ಅವರಿಗೆ ಸ್ವಲ್ಪ ಕಾಲ ಹಿಡಿಯಿತು. ಆ ತರಬೇತಿಯನ್ನು ಮೇಡಂ ಹಿಂದಿನ ಸೀಟಿನಲ್ಲಿ ಕೂತು ಕೊಟ್ಟರು, ಅದನ್ನು ಇಲ್ಲಿ ವರ್ಣಿಸದಿರುವುದೇ ಒಳ್ಳೆಯದು. ಪಾಸಾದ ಮೇಲೆ ಯಜಮಾನರು ತಮ್ಮದೇ ರೀತಿಯಲ್ಲಿ ಕಲಿಸತೊಡಗಿದರು. "ಮುಂದೆ ಒಂದು ಗೋಡೆ ಇದ್ದ ಹಾಗಿದೆ, ನೋಡ್ತೀರಾ?" ಎಂದು ಪಿಸುಗುಟ್ಟುತ್ತಿದ್ದರು. ಅವರ ಮಾತು ಕೇಳಿಸಲೆಂದೇ ಕಲಿಯುವವರು ವೇಗ ಇಳಿಸುತ್ತಿದ್ದರು. ಕಾರಿಗೆ ಹೊಸ ಹಾರ್ನ್ ಹಾಕಿಸಬೇಕಾಯಿತು. ಒಬ್ಬ ಮಾತ್ರ, ಬೈಗುಳ ಇಲ್ಲದೆ ಕಲಿತಹಾಗೇ ಆಗುತ್ತಿಲ್ಲ ಎಂದು ಜಗಳ ತೆಗೆದ. ಅವನನ್ನು ಆಫೀಸಿಗೆ ಕಳಿಸಿ ಮೇಡಂ ಕೈಯಲ್ಲಿ ಬೈಸಲಾಯಿತು. ತೃಪ್ತನಾಗಿ ಹೋದ.

ಮೇಡಂ ಈಗ ಆಫೀಸಿನ ಕೋಣೆಯಲ್ಲಿ ರಸ್ತೆ ನಿಯಮ ಕಲಿಸುತ್ತಾರೆ. ಆಟಿಕೆ ಕಾರುಗಳನ್ನು ಮೇಜಿನ ಮೇಲೆ ಓಡಿಸಿ, ಗುದ್ದಿಸಿ, ಪ್ರತಿಯೊಂದು ಕಾರಿಗೂ ಬೇರೆ ಬೇರೆ ಬೈಗುಳ ಹಂಚಿ ತೋರಿಸುವುದರಿಂದ, ಡ್ರೈವಿಂಗ್ ಬಂದವರೂ ಕೇಳಲು ಬರುತ್ತಾರೆ. ಹಲ್ಲು ಡಾಕ್ಟರು ಕೊನೆಗೂ ಪರೀಕ್ಷೆ ಪಾಸಾದರು. ಸಂತೋಷಕ್ಕೆ ಮೇಡಂಗೆ ಆ ಹುಳುಕು ಹಲ್ಲನ್ನು ಕಿತ್ತುಕೊಟ್ಟರು. ಬಾಯಲ್ಲಿ ಹತ್ತಿ ತುರುಕಿದ್ದಷ್ಟು ಹೊತ್ತು ಕ್ಲಿನಿಕ್ಕಿನಲ್ಲಿ ಅಪೂರ್ವ ಶಾಂತಿ.

ಮಾತ್ರೆ ತನ್ನ ಹೊತ್ತಿಗೆ ಕೆಲಸ ಮಾಡಿತು. ಡಾಕ್ಟರಮ್ಮ ಅದನ್ನು ಅಷ್ಟಷ್ಟೇ ಏರಿಸಿದರು. ಒಂದು ಹಂತದಲ್ಲಿ ಮೇಡಂ ಬಾಯಿ ಮತ್ತೆ ಒಣಗಿ ದನಿಯೇ ಕೂತುಹೋಗಿ, ಬೈಗುಳ ಪಿಸುಮಾತಾದದ್ದರಿಂದ ಅರ್ಧ ಹೆಜ್ಜೆ ಹಿಂದಿಟ್ಟರು. ಸಕ್ಕರೆಯೂ ನಿಧಾನಕ್ಕೆ ಇಳಿಯಿತು. ಉರಿ ಪೂರ್ತಿ ಹೋಗಲಿಲ್ಲ. "ಅರ್ಧ ಕಡಿಮೆಯಾದ್ರೆ ನಾವು ಗೆದ್ದ ಹಾಗೆ," ಎಂದು ಡಾಕ್ಟರಮ್ಮ ಹೇಳಿದಾಗ ಮೇಡಂ, "ಅರ್ಧ ಮಾರ್ಕಿಗೆ ನಾನು ಯಾರನ್ನೂ ಪಾಸ್ ಮಾಡಿಲ್ಲ," ಎಂದು ಗೊಣಗಿದರು. ಆದರೆ ಹೊದಿಕೆ ಈಗ ಪಾದದ ಮೇಲೆ ಬಿದ್ದರೆ ಹೊದಿಕೆಯಂತೆಯೇ ಇರುತ್ತಿತ್ತು. ನಿದ್ದೆ ಬರುತ್ತಿತ್ತು, ಬರಬೇಕಾದ ಜಾಗದಲ್ಲಿ.

ಸಂಜೆ ಪಾಠ ಮುಗಿಸಿ ಬಂದ ಯಜಮಾನರು ಕೈ ತೊಳೆದು ಕುರ್ಚಿ ಎಳೆದುಕೊಳ್ಳುತ್ತಾರೆ. ಮೇಡಂ ಎರಡೂ ಪಾದಗಳನ್ನು ಅವರ ಮಡಿಲಿಗೆ ಹಾಕುತ್ತಾರೆ. ಅವರು ಕನ್ನಡಕ ಏರಿಸಿಕೊಂಡು ಬೆರಳ ಸಂದಿ, ಹಿಮ್ಮಡಿಯ ಬಿರುಕು, ಅಂಗಾಲಿನ ಮಡಿಕೆ ಎಲ್ಲವನ್ನೂ ಹಳೆಯ ಪುಸ್ತಕದ ಹಾಳೆ ತಿರುವಿದಂತೆ ನಿಧಾನವಾಗಿ ನೋಡುತ್ತಾರೆ. ಅವರ ಬೆರಳು ಎಲ್ಲಿದೆ ಎಂದು ಮೇಡಂಗೆ ಗೊತ್ತಾಗುವುದಿಲ್ಲ. ಅದಕ್ಕೆ ಅವರ ಮುಖ ನೋಡುತ್ತ ಕೂರುತ್ತಾರೆ.

"ಏನಾದ್ರೂ ಕಾಣಿಸ್ತಾ?"

"ಹೂಂ."

"ಏನು?" ಮೇಡಂ ಮುಂದೆ ಬಾಗುತ್ತಾರೆ.

"ಕೊಳೆ."

"ಮತ್ತೆ ನೋಡ್ತಾ ಕೂತ್ರೆ ಹೋಗುತ್ತಾ? ತೊಳೀರಿ!"

ಯಜಮಾನರು ಉಗುರುಬೆಚ್ಚಗಿನ ನೀರು ತರಲು ಏಳುತ್ತಾರೆ.